ಚುನಾವಣೆಗೆ ನಿಂತ ಜನರಲ್

ಗಾಂಧಿ ಚೌಕದಲ್ಲಿ ಚುನಾವಣಾ ಮೈಕುಗಳ ಗದ್ದಲ ಕೇಳಿದಾಗಲೆಲ್ಲ ನನಗೆ ಜನರಲ್ ಕಾರಿಯಪ್ಪನವರ ನೆನಪಾಗುತ್ತದೆ. ಅಷ್ಟು ದೊಡ್ಡ ದಂಡನಾಯಕರೂ ಒಮ್ಮೆ ಮತ ಕೇಳಲು ಹೊರಟಿದ್ದರು.

1899ರಲ್ಲಿ ಕೊಡಗಿನ ಶನಿವಾರಸಂತೆಯಲ್ಲಿ ಹುಟ್ಟಿದ ಅವರು ಎರಡನೇ ಮಹಾಯುದ್ಧದಲ್ಲಿ ಇರಾಕ್, ಸಿರಿಯಾ, ಬರ್ಮಾಗಳಲ್ಲಿ ಸೇವೆ ಸಲ್ಲಿಸಿದರು. 1949ರ ಜನವರಿ 15ರಂದು ಬ್ರಿಟಿಷ್ ಜನರಲ್ ಬುಚರ್ ಅವರಿಂದ ಇಡೀ ಸೈನ್ಯದ ಅಧಿಕಾರ ವಹಿಸಿಕೊಂಡರು. ಅದಕ್ಕೇ ಆ ದಿನ ಸೇನಾ ದಿನ.

ಹಿಂದೂಸ್ತಾನಿ ಮಾತ್ರ ಅವರಿಗೆ ಸರಿಯಾಗಿ ಬರುತ್ತಿರಲಿಲ್ಲ. ಸ್ವಾತಂತ್ರ್ಯ ಬಂದಾಗ ಸಿಪಾಯಿಗಳ ಮುಂದೆ ದೇಶ ಆಜಾದ್ ಆಗಿದೆ ಎನ್ನಲು ಹೋಗಿ ಮುಫ್ತ್ ಆಗಿದೆ ಎಂದುಬಿಟ್ಟರಂತೆ. ಮುಫ್ತ್ ಅಂದರೆ ಪುಕ್ಕಟೆ! ಇದನ್ನು ಹೇಳಿದರೆ ನಮ್ಮ ಅಮ್ಮಿ ಈಗಲೂ ನಗುತ್ತಾರೆ.

1953ರಲ್ಲಿ ನಿವೃತ್ತರಾಗಿ ಆಸ್ಟ್ರೇಲಿಯಾಕ್ಕೆ ಹೈಕಮಿಷನರ್ ಆಗಿ ಹೋದರು. 1965ರ ಯುದ್ಧದಲ್ಲಿ ವಾಯುಪಡೆಯಲ್ಲಿದ್ದ ಮಗ ಪಾಕಿಸ್ತಾನದಲ್ಲಿ ಸೆರೆಸಿಕ್ಕರು. ಅಲ್ಲಿಯ ಅಧ್ಯಕ್ಷ ಅಯೂಬ್ ಖಾನ್ ಅವಿಭಜಿತ ಸೈನ್ಯದ ಕಾಲದ ಪರಿಚಯದವರು. ಮಗನನ್ನು ವಿಶೇಷವಾಗಿ ನೋಡಿಕೊಳ್ಳಲು ಅವರು ಮುಂದಾದಾಗ ಕಾರಿಯಪ್ಪ ಒಪ್ಪಲಿಲ್ಲ. ಸೆರೆಯಲ್ಲಿರುವ ಎಲ್ಲ ಸೈನಿಕರೂ ತಮ್ಮ ಮಕ್ಕಳೇ, ನೋಡಿಕೊಳ್ಳುವುದಾದರೆ ಎಲ್ಲರನ್ನೂ ನೋಡಿಕೊಳ್ಳಲಿ ಎಂಬುದು ಅವರ ಉತ್ತರವಾಗಿತ್ತು. ಒಬ್ಬ ತಂದೆಗೆ ಇದು ಎಷ್ಟು ಕಷ್ಟದ ಮಾತು!

ಇಂಥವರು 1971ರಲ್ಲಿ ಮುಂಬೈಯಿಂದ ಲೋಕಸಭೆಗೆ ನಿಂತರು, ಸೋತರು. ನನಗೇಕೋ ಈಗಲೂ ಬೇಸರ. 1986ರಲ್ಲಿ ಸರ್ಕಾರ ಫೀಲ್ಡ್ ಮಾರ್ಷಲ್ ಪದವಿ ಕೊಟ್ಟಿತು. 1993ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡಾಗ ಅವರಿಗೆ 94 ವರ್ಷ.