ಕಪಾಟಿನ ಬೀಗ ತೆಗೆದ ಗಣಿತದ ಮೇಷ್ಟ್ರು

ಪ್ರತಿ ವರ್ಷ ಆಗಸ್ಟ್ 12ರಂದು ಲೈಬ್ರರಿಗಳಲ್ಲಿ ಒಂದು ಫೋಟೋಗೆ ಹಾರ ಬೀಳುತ್ತೆ. ತಲೆಗೆ ಪೇಟ, ಕಣ್ಣಿಗೆ ಕನ್ನಡಕ. ಭಾಷಣ ಆಗುತ್ತೆ, ಫೋಟೋ ಮತ್ತೆ ಗೋಡೆ ಸೇರುತ್ತೆ. ಅವತ್ತು ರಾಷ್ಟ್ರೀಯ ಗ್ರಂಥಪಾಲಕರ ದಿನ. ಫೋಟೋದಲ್ಲಿರುವವರು ಎಸ್.ಆರ್. ರಂಗನಾಥನ್. ಗೂಗಲ್ ಇದೆ, ಈಗ ಎಐ ಕೂಡ ಬಂತು, ಇನ್ನು ಲೈಬ್ರರಿಯನ್ ಯಾಕೆ ಅಂತ ಕೇಳುವವರು ಹೆಚ್ಚಾಗಿರುವ ಕಾಲ ಇದು. ಆ ಪ್ರಶ್ನೆಗೆ ಉತ್ತರ ಈ ಮನುಷ್ಯನ ಬದುಕಿನಲ್ಲೇ ಇದೆ ಅನ್ನೋದು ನನ್ನ ವಾದ. ಅದನ್ನು ಸಾಗರ, ಹೊಸನಗರ, ತೀರ್ಥಹಳ್ಳಿಯ ಹಳ್ಳಿಗಳಲ್ಲಿ ನಿಂತು ನೋಡಿದರೆ ಇನ್ನೂ ಸ್ಪಷ್ಟವಾಗಿ ಕಾಣುತ್ತೆ.

ರಂಗನಾಥನ್ ಹುಟ್ಟಿದ್ದು 1892ರಲ್ಲಿ, ತಂಜಾವೂರು ಸೀಮೆಯ ಶಿಯಾಳಿಯಲ್ಲಿ. ಓದಿದ್ದು ಗಣಿತ. 1917ರಲ್ಲಿ ಮೇಷ್ಟ್ರಾಗಿ ಸೇರಿದ್ದು ನಮ್ಮ ಮಂಗಳೂರಿನ ಸರ್ಕಾರಿ ಕಾಲೇಜಿಗೆ. ಆಮೇಲೆ ಕೊಯಮತ್ತೂರು, ಮದ್ರಾಸ್. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯ ಅವರನ್ನು ತನ್ನ ಮೊದಲ ಗ್ರಂಥಪಾಲಕನನ್ನಾಗಿ ನೇಮಿಸಿತು. ಆ ಕೆಲಸ ಅವರಿಗೆ ಹಿಡಿಸಲೇ ಇಲ್ಲ. ಕೆಲವೇ ದಿನಗಳಲ್ಲಿ ಪಾಠ ಮಾಡುವ ಕೆಲಸಕ್ಕೇ ವಾಪಸ್ ಹೋಗ್ತೀನಿ ಅಂತ ಹಟ ಹಿಡಿದರು. ಮೊದಲು ಲಂಡನ್‌ಗೆ ಹೋಗಿ ತರಬೇತಿ ಪಡೆಯಿರಿ, ಆಮೇಲೂ ಬೇಡ ಅನ್ನಿಸಿದರೆ ಬಿಡಿ ಎಂಬ ಒಪ್ಪಂದವಾಯಿತು.

ಲಂಡನ್ ಅವರನ್ನು ಬದಲಿಸಿತು. ಅಲ್ಲಿನ ಊರೂರಿನ ಸಾರ್ವಜನಿಕ ಗ್ರಂಥಾಲಯಗಳಲ್ಲಿ ಕೂಲಿ ಕಾರ್ಮಿಕರಿಗೂ ಮಕ್ಕಳಿಗೂ ಪುಸ್ತಕ ಸಿಗುವುದನ್ನು ಕಂಡರು. ನಮ್ಮಲ್ಲಾದರೆ ಪುಸ್ತಕ ಕಪಾಟಿನೊಳಗೆ, ಬೀಗದ ಕೈ ಯಾರದ್ದೋ ಸೊಂಟದಲ್ಲಿ. ಮದ್ರಾಸಿಗೆ ಮರಳಿದವರೇ ಕಪಾಟು ತೆರೆದರು, ಬಾಗಿಲು ಹೆಚ್ಚು ಹೊತ್ತು ತೆರೆದಿರುವಂತೆ ಮಾಡಿದರು, ಓದುಗರ ಪಕ್ಕ ನಿಂತು ಹುಡುಕಿಕೊಡುವ ಸಿಬ್ಬಂದಿಯನ್ನು ತಯಾರು ಮಾಡಿದರು. 1928ರಲ್ಲಿ ಮದ್ರಾಸ್ ಗ್ರಂಥಾಲಯ ಸಂಘ ಕಟ್ಟುವುದರಲ್ಲಿ ಮುಂದೆ ನಿಂತರು. 1931ರಲ್ಲಿ ಮನ್ನಾರ್‌ಗುಡಿಯ ಹಳ್ಳಿಗಳಿಗೆ ಎತ್ತಿನ ಗಾಡಿಯಲ್ಲಿ ಪುಸ್ತಕ ಹೊರಟವು.

ಅದೇ ವರ್ಷ ಗ್ರಂಥಾಲಯದ ಐದು ಸೂತ್ರಗಳ ಬಗ್ಗೆ ಅವರ ಪುಸ್ತಕ ಬಂತು. ಅದರ ತಿರುಳನ್ನು ನನ್ನ ಮಾತಲ್ಲಿ ಹೇಳುವುದಾದರೆ, ಬಳಕೆಯಾಗದ ಪುಸ್ತಕಕ್ಕೆ ಬೆಲೆಯಿಲ್ಲ, ಬಾಗಿಲಿಗೆ ಬಂದ ಯಾರನ್ನೂ ಬರಿಗೈಯಲ್ಲಿ ಕಳಿಸಬಾರದು, ಅವರ ಸಮಯ ಹಾಳು ಮಾಡಬಾರದು, ಕಾಲ ಬದಲಾದಂತೆ ಗ್ರಂಥಾಲಯವೂ ಬೆಳೆಯುತ್ತಾ ಹೋಗಬೇಕು. ಇಂದು ಸರಳ ಅನ್ನಿಸುತ್ತೆ. ಜಾತಿ, ಹಣ, ಅಕ್ಷರ ಮೂರೂ ಕೆಲವರ ಕೈಯಲ್ಲೇ ಇದ್ದ ಸಮಾಜದಲ್ಲಿ ಇದು ರಾಜಕೀಯದ ಮಾತಾಗಿತ್ತು.

1933ರಲ್ಲಿ ಬಂದ ಕೋಲನ್ ವರ್ಗೀಕರಣದ ಕಥೆ ನನ್ನಂಥ ಇಂಜಿನಿಯರಿಂಗ್ ಓದಿದವರಿಗೆ ಇನ್ನೂ ಹತ್ತಿರದ್ದು. ಲಂಡನ್ನಿನ ಅಂಗಡಿಯೊಂದರಲ್ಲಿ ಮೆಕ್ಯಾನೋ ಆಟಿಕೆ ನೋಡಿದಾಗ ಹೊಳೆದ ಐಡಿಯಾ ಅದು. ಒಂದಷ್ಟು ಪಟ್ಟಿ, ನಟ್ಟು, ಬೋಲ್ಟುಗಳಿಂದ ಬೇಕಾದ ಆಟಿಕೆ ಕಟ್ಟಬಹುದಾದರೆ, ವಿಷಯಗಳನ್ನೂ ಹಾಗೇ ಬಿಡಿಭಾಗಗಳಿಂದ ಜೋಡಿಸಬಹುದಲ್ವಾ? ತೀರ್ಥಹಳ್ಳಿಯಲ್ಲಿ ಈ ಮಳೆಗಾಲ ಅಡಿಕೆಯ ಎಲೆಚುಕ್ಕಿ ರೋಗ ತಡೆಯೋದು ಹೇಗೆ ಅಂತ ಒಬ್ಬ ಬೆಳೆಗಾರ ಕೇಳ್ತಾನೆ ಅಂದ್ಕೊಳ್ಳಿ. ಬೆಳೆ, ರೋಗ, ಮಾಡಬೇಕಾದ ಕೆಲಸ, ಜಾಗ, ಕಾಲ ಎಲ್ಲವೂ ಬೇರೆ ಬೇರೆ ಮುಖಗಳು. ಪ್ರಶ್ನೆಯನ್ನು ಹೀಗೆ ಬಿಡಿಸಿದರೆ ಉತ್ತರ ಹುಡುಕುವುದು ಸುಲಭ. ಶಾಪಿಂಗ್ ಆ್ಯಪ್‌ನಲ್ಲಿ ಬಣ್ಣ, ಸೈಜು, ಬೆಲೆ ಅಂತ ನಾವು ಒತ್ತುವ ಫಿಲ್ಟರುಗಳ ಹಿಂದೆ ಇರುವುದೂ ಇದೇ ಯೋಚನೆ. ಕಾಲೇಜಿನಲ್ಲಿ ಡೇಟಾಬೇಸ್ ಓದಿದ ನಮಗೆ ಸಿಲಬಸ್‌ನಲ್ಲಿ ಈ ಹೆಸರೇ ಸಿಗಲಿಲ್ಲ. ಭಾರತದ ಹೆಚ್ಚಿನ ಗ್ರಂಥಾಲಯಗಳೂ ಅವರ ಪದ್ಧತಿ ಬಿಟ್ಟು ಅಮೆರಿಕದ ಡ್ಯೂಯಿ ಪದ್ಧತಿಯನ್ನೇ ಹಿಡಿದುಕೊಂಡಿವೆ.

1945ರಲ್ಲಿ ಬನಾರಸ್, 1947ರಲ್ಲಿ ದೆಹಲಿ. 1948ರಲ್ಲಿ ಅವರ ಒತ್ತಾಯದ ಫಲವಾಗಿ ಮದ್ರಾಸ್ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಬಂತು. ಸ್ವತಂತ್ರ ಭಾರತದಲ್ಲಿ ಅಂಥ ಮೊದಲ ಕಾಯ್ದೆ. 1956ರಲ್ಲಿ ಜೀವಮಾನದ ಉಳಿತಾಯ 1 ಲಕ್ಷ ರೂಪಾಯಿಯನ್ನು ಮದ್ರಾಸ್ ವಿಶ್ವವಿದ್ಯಾಲಯದಲ್ಲಿ ಗ್ರಂಥಾಲಯ ವಿಜ್ಞಾನದ ಪೀಠಕ್ಕೆ ಕೊಟ್ಟರು. 1957ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿದರು, 1962ರಲ್ಲಿ ಇಲ್ಲೇ ದಾಖಲಾತಿ ಸಂಶೋಧನೆ ಮತ್ತು ತರಬೇತಿ ಕೇಂದ್ರ ಶುರು ಮಾಡಿದರು.

1965ರಲ್ಲಿ ಮೈಸೂರು ರಾಜ್ಯಕ್ಕೂ ಗ್ರಂಥಾಲಯ ಕಾಯ್ದೆ ಬಂತು. ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ವಸೂಲಿ ಮಾಡಿ ಊರಿನ ಲೈಬ್ರರಿ ನಡೆಸಬೇಕೆಂಬ ವ್ಯವಸ್ಥೆಯಲ್ಲಿ ರಂಗನಾಥನ್ ಚಿಂತನೆಯ ಗುರುತಿದೆ. ಆಗ ಸದನದಲ್ಲಿ ತೀರ್ಥಹಳ್ಳಿಯ ಶಾಸಕರಾಗಿದ್ದವರು ಶಾಂತವೇರಿ ಗೋಪಾಲಗೌಡ. 1951ರ ಕಾಗೋಡು ಸತ್ಯಾಗ್ರಹದ ಮುಂಚೂಣಿಯಲ್ಲಿದ್ದು, 1952ರಲ್ಲಿ ಸಾಗರ-ಹೊಸನಗರದಿಂದ ಗೆದ್ದವರು. ಇವರಿಬ್ಬರ ದಾರಿ ಬೇರೆ, ಭಾಷೆ ಬೇರೆ. ಆದರೆ ಉಳುವವನಿಗೆ ಭೂಮಿ ಅನ್ನುವುದಕ್ಕೂ ಓದುವವನಿಗೆ ಪುಸ್ತಕ ಅನ್ನುವುದಕ್ಕೂ ಒಳಗಿನ ತರ್ಕ ಒಂದೇ ಅಂತ ನನಗನ್ನಿಸುತ್ತೆ. 1972ರ ಜೂನ್‌ನಲ್ಲಿ ಗೋಪಾಲಗೌಡರು ತೀರಿಕೊಂಡರು. ಅದೇ ವರ್ಷ ಸೆಪ್ಟೆಂಬರ್ 27ರಂದು ಬೆಂಗಳೂರಿನಲ್ಲಿ ರಂಗನಾಥನ್ ತೀರಿಕೊಂಡರು.

ಈಗ ಮೂರು ತಾಲೂಕಿಗೆ ಬನ್ನಿ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ಹಿನ್ನೀರಿನಲ್ಲಿ ಊರುಗಳೇ ಮುಳುಗಿದವು. ಆ ಮುಳುಗಡೆ ಸಂತ್ರಸ್ತರ ಕುಟುಂಬಗಳು ಇವತ್ತಿಗೂ ಹಕ್ಕುಪತ್ರಕ್ಕಾಗಿ ಅಲೆಯುತ್ತಿವೆ. ಅರಣ್ಯ ಹಕ್ಕು ಕಾಯ್ದೆಯಲ್ಲಿ ಬುಡಕಟ್ಟಿನವರಲ್ಲದ ಅರಣ್ಯವಾಸಿಗಳು ಮೂರು ತಲೆಮಾರು, ಅಂದರೆ 75 ವರ್ಷದ ವಾಸಕ್ಕೆ ಸಾಕ್ಷ್ಯ ತೋರಿಸಬೇಕು. ಹಳೇ ಗೆಜೆಟಿಯರ್, ಕಂದಾಯ ದಾಖಲೆ, ನಕ್ಷೆ ಎಲ್ಲಿ ಸಿಗುತ್ತೆ, ಯಾವುದನ್ನು ಹೇಗೆ ಕೇಳಬೇಕು ಅಂತ ಹೇಳಿಕೊಡುವವರು ಹಳ್ಳಿಯಲ್ಲಿ ಯಾರಿದ್ದಾರೆ? ಬ್ರೋಕರ್ ಇದ್ದಾನೆ. ವಾಟ್ಸ್ಆ್ಯಪ್ ಇದೆ. ಎಐ ಚಾಟ್‌ಬಾಟ್ ಇದೆ, ಅದು ಇಲ್ಲದ ಆದೇಶದ ಸಂಖ್ಯೆಯನ್ನೂ ಧೈರ್ಯವಾಗಿ ಹೇಳಬಲ್ಲದು. ಇನ್ನು ಮಲೆನಾಡಿನ ಎಷ್ಟೋ ಹಳ್ಳಿಗಳಲ್ಲಿ ನೆಟ್‌ವರ್ಕ್ ಬೇಕಾದರೆ ಈಗಲೂ ಗುಡ್ಡ ಹತ್ತಬೇಕು.

ಈ ಜಾಗದಲ್ಲಿ ನಿಲ್ಲಬೇಕಾದವರು ಗ್ರಂಥಪಾಲಕರು. ಅಂಥ ಒಂದು ಜಾಗ ಪಂಚಾಯಿತಿಯಲ್ಲಿ ಈಗಾಗಲೇ ಇದೆ. 2019ರಲ್ಲಿ ರಾಜ್ಯದ 5 ಸಾವಿರಕ್ಕೂ ಹೆಚ್ಚು ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಬಂದವು, ಆಮೇಲೆ ಅರಿವು ಕೇಂದ್ರ ಅಂತ ಹೊಸ ಹೆಸರೂ ಬಂತು. ಬಣ್ಣದ ಗೋಡೆ, ಕಂಪ್ಯೂಟರ್, ಮಕ್ಕಳಿಗೆ ಉಚಿತ ಸದಸ್ಯತ್ವ ಎಲ್ಲ ಒಳ್ಳೆಯದೇ. ಆದರೆ ಅಲ್ಲಿ ಕೂತವರ ಹುದ್ದೆಯ ಹೆಸರು ಮೇಲ್ವಿಚಾರಕ. ವರ್ಷಗಟ್ಟಲೆ ಗೌರವಧನದಲ್ಲೇ ದುಡಿದು, ಕನಿಷ್ಠ ವೇತನಕ್ಕಾಗಿ ಬೀದಿಗಿಳಿದವರು ಅವರು. ಇತ್ತ ನಗರಗಳಲ್ಲಿ ಜನ ಕಟ್ಟಿದ ಗ್ರಂಥಾಲಯ ಕರವನ್ನು ಸ್ಥಳೀಯ ಸಂಸ್ಥೆಗಳು ಇಲಾಖೆಗೆ ದಾಟಿಸದೆ ಕೋಟಿಗಟ್ಟಲೆ ಬಾಕಿ ಉಳಿಸಿಕೊಂಡಿವೆ.

ರಂಗನಾಥನ್ ಸಂಬಳದ ವಿಷಯದಲ್ಲೂ ಸ್ಪಷ್ಟವಾಗಿದ್ದರು. ಗ್ರಂಥಪಾಲಕನಿಗೆ ಮೇಷ್ಟ್ರಷ್ಟೇ ಓದು, ಮೇಷ್ಟ್ರಷ್ಟೇ ಸ್ಥಾನ, ಅದಕ್ಕೆ ತಕ್ಕ ವೇತನ ಬೇಕು ಅಂತ ಜೀವನವಿಡೀ ವಾದ ಮಾಡಿದರು. ಕಂಪ್ಯೂಟರ್ ಬಂದ ಮೇಲೆ ಪುಸ್ತಕ ಎಣಿಸುವ ಕೆಲಸ ಕಡಿಮೆಯಾಗಿದೆ, ಸುಳ್ಳಿನಿಂದ ನಿಜ ಸೋಸುವ ಕೆಲಸ ಹೆಚ್ಚಾಗಿದೆ. ಅದಕ್ಕೆ ತರಬೇತಿ ಬೇಕು, ಪೂರ್ಣಾವಧಿ ಹುದ್ದೆ ಬೇಕು.

ಮುಂದಿನ ಗ್ರಾಮಸಭೆಗೆ ಹೋದಾಗ ರಸ್ತೆ, ನೀರಿನ ಜೊತೆ ಇನ್ನೊಂದು ಪ್ರಶ್ನೆ ಕೇಳಿ. ನಮ್ಮ ಪಂಚಾಯಿತಿಯ ಲೈಬ್ರರಿ ದಿನಕ್ಕೆ ಎಷ್ಟು ಗಂಟೆ ತೆರೆದಿರುತ್ತೆ, ಅಲ್ಲಿ ಕೂತವರಿಗೆ ಎಷ್ಟು ಸಂಬಳ, ಕೊನೆಯ ತರಬೇತಿ ಕೊಟ್ಟಿದ್ದು ಯಾವಾಗ? ಉತ್ತರವನ್ನು ನಡಾವಳಿಯಲ್ಲಿ ಬರೆಸಿ.