ಹಣ್ಣೆಲೆಗೂ ಚಿಗುರುವ ಹಕ್ಕಿದೆ ಎಂದ ತ್ರಿವೇಣಿ

ಗಂಡ ತೀರಿಕೊಂಡ ಹೆಣ್ಣುಮಗಳು ಮತ್ತೊಬ್ಬನನ್ನು ಇಷ್ಟಪಟ್ಟರೆ ತಪ್ಪೇನು? ಈ ಪ್ರಶ್ನೆಯನ್ನು ಕನ್ನಡದ ಮಧ್ಯಮ ವರ್ಗದ ಮನೆಗಳ ಒಳಗೇ ಕೇಳಿಸಿದವರು ಕಾದಂಬರಿಗಾರ್ತಿ ತ್ರಿವೇಣಿ. ಅವರು ತೀರಿಕೊಂಡು 60 ವರ್ಷ ದಾಟಿತು. ಆದರೆ ಅವರ ಪ್ರಶ್ನೆ ಮಂಡ್ಯ, ಮದ್ದೂರು, ಮಳವಳ್ಳಿಯ ಎಷ್ಟೋ ಮನೆಗಳಲ್ಲಿ ಇನ್ನೂ ಉತ್ತರ ಸಿಗದೆ ಕೂತಿದೆ.

ತ್ರಿವೇಣಿ ಅನ್ನೋದು ಬರಹದ ಹೆಸರು. ಅವರ ಹೆಸರು ಅನಸೂಯ. ಹುಟ್ಟಿದ್ದು 1928ರ ಸೆಪ್ಟೆಂಬರ್ 1ರಂದು. ಮನೆತನದ ಬೇರು ಮಂಡ್ಯ ಜಿಲ್ಲೆಯ ನಾಗಮಂಗಲ ತಾಲ್ಲೂಕಿನ ಬೆಳ್ಳೂರಿನಲ್ಲಿತ್ತು. ಬಿ.ಎಂ.ಶ್ರೀ ಅವರ ಹೆಸರಿನ ಮೊದಲ ಅಕ್ಷರ ಇದೇ ಬೆಳ್ಳೂರು. ತ್ರಿವೇಣಿ ಅವರ ಸೋದರನ ಮಗಳು. ದೊಡ್ಡಪ್ಪ ಕನ್ನಡ ಕಾವ್ಯದ ದಿಕ್ಕನ್ನೇ ಬದಲಿಸಿದ ಮನೆಯಲ್ಲಿ ಅಕ್ಷರಕ್ಕೆ ಬರ ಇರಲಿಲ್ಲ. ಆದರೆ ಹುಡುಗಿ ಆರಿಸಿಕೊಂಡ ದಾರಿ ಬೇರೆ. ಮೈಸೂರಿನಲ್ಲಿ ಬಿ.ಎ. ಓದುವಾಗ ಮನಃಶಾಸ್ತ್ರ ತಗೊಂಡರು. ಮನಸ್ಸಿನ ಕಾಯಿಲೆಯನ್ನು ದೆವ್ವ, ಗಾಳಿ ಅಂತ ಮಂತ್ರವಾದಿಯ ಹತ್ತಿರ ಕರ್ಕೊಂಡು ಹೋಗ್ತಿದ್ದ ಕಾಲದಲ್ಲಿ ಅದಕ್ಕೂ ಒಂದು ಕಾರಣ ಇರುತ್ತೆ, ಚಿಕಿತ್ಸೆ ಇರುತ್ತೆ ಅಂತ ಕಲಿತ ಹೆಣ್ಣುಮಗಳು ಅವರು.

ಇಂಗ್ಲಿಷ್ ಮೇಷ್ಟ್ರಾಗಿದ್ದ ಎಸ್.ಎನ್. ಶಂಕರ್ ಅವರನ್ನು ಮದುವೆಯಾದರು. 1950ರ ದಶಕದ ಆರಂಭದಲ್ಲಿ 'ಅಪಸ್ವರ' ಬಂತು. ಅಲ್ಲಿಂದ ಸುಮಾರು ಹತ್ತು ವರ್ಷದಲ್ಲಿ 20ರಷ್ಟು ಕಾದಂಬರಿ, ಜೊತೆಗೆ ಸಣ್ಣಕಥೆಗಳು. ಬರೆಯೋ ಮೇಜಿನ ಆಚೆಗಿನ ಬದುಕು ಇಷ್ಟು ಸಲೀಸಾಗಿರಲಿಲ್ಲ. ಅಸ್ತಮಾ ಕಾಡುತ್ತಿತ್ತು. ಒಂದಲ್ಲ, ಹಲವು ಸಲ ಗರ್ಭ ನಿಲ್ಲಲಿಲ್ಲ. ಮಕ್ಕಳಾಗದ ಹೆಂಗಸಿಗೆ ಆ ಕಾಲದ ಸಮಾಜ ಏನೇನು ಅನ್ನುತ್ತಿತ್ತು ಅನ್ನೋದನ್ನು ಬಿಡಿಸಿ ಹೇಳಬೇಕಿಲ್ಲ. ಒಮ್ಮೆ ಕಳಕೊಂಡ ಮೇಲೆ ಮತ್ತೆ ಆಸೆಪಡೋದಕ್ಕೆ ಎಷ್ಟು ಧೈರ್ಯ ಬೇಕು ಅನ್ನೋದು ಅವರಿಗೆ ಪುಸ್ತಕದಿಂದ ತಿಳಿದ ಸಂಗತಿ ಆಗಿರಲಿಲ್ಲ.

ಮೂರು ಹೆಣ್ಣುಗಳು

ಹಣ್ಣೆಲೆ ಉದುರುವಾಗ ಚಿಗುರೆಲೆ ನಕ್ಕಿತಂತೆ ಅನ್ನೋ ಗಾದೆ ನಮಗೆಲ್ಲ ಗೊತ್ತು. ತ್ರಿವೇಣಿ ತಮ್ಮ ಕಾದಂಬರಿಗೆ ಇಟ್ಟ ಹೆಸರು 'ಹಣ್ಣೆಲೆ ಚಿಗುರಿದಾಗ'. ಎಳೆ ವಯಸ್ಸಿನಲ್ಲೇ ಗಂಡನನ್ನು ಕಳಕೊಂಡ ಮಗಳು, ಸಂಪ್ರದಾಯ ಬಿಡದ ಅಪ್ಪ, ಅವಳ ಬದುಕಿನಲ್ಲಿ ಮತ್ತೆ ಹುಟ್ಟುವ ಪ್ರೀತಿ. ವಿಧವೆಯ ಮದುವೆ ಕನ್ನಡ ಕಾದಂಬರಿಗೆ ಹೊಸದೇನಲ್ಲ. 1899ರಲ್ಲೇ ಗುಲ್ವಾಡಿ ವೆಂಕಟರಾಯರು 'ಇಂದಿರಾಬಾಯಿ'ಯಲ್ಲಿ ಅದನ್ನು ಮಾಡಿಸಿದ್ದರು. ಅಲ್ಲಿ ಸಮಾಜ ಸುಧಾರಣೆಯ ಹುರುಪು ದೊಡ್ಡದು. ತ್ರಿವೇಣಿಗೆ ಮುಖ್ಯವಾಗಿದ್ದು ಮನಸ್ಸು. ಮತ್ತೆ ಪ್ರೀತಿಸುವವಳು ಸತ್ತವನಿಗೆ ದ್ರೋಹ ಮಾಡುತ್ತಿಲ್ಲ, ಬದುಕಿರುವ ತನಗೆ ನ್ಯಾಯ ಮಾಡಿಕೊಳ್ಳುತ್ತಿದ್ದಾಳೆ ಅಂತ ಅವರು ಕಂಡರು.

ಹಾಗಂತ ಮತ್ತೆ ಪ್ರೀತಿಸೋದು ಅಂದ್ರೆ ನೋಯಿಸಿದವನ ಹತ್ತಿರವೇ ವಾಪಸ್ ಹೋಗೋದು ಅಂತ ಅವರು ಹೇಳಲಿಲ್ಲ. 'ಬೆಳ್ಳಿಮೋಡ'ದ ಇಂದಿರಾಳನ್ನು ನೋಡಿ. ತಡವಾಗಿ ತಮ್ಮ ಹುಟ್ಟಿ, ಆಸ್ತಿ ಅವಳ ಕೈಗೆ ಬರಲ್ಲ ಅಂತ ಗೊತ್ತಾದ ಕೂಡಲೇ ಮದುವೆಯಾಗಬೇಕಿದ್ದ ಮೋಹನ್ ಕೈ ಕೊಡ್ತಾನೆ. ಮುಂದೆ ಅವನು ಗಾಯಗೊಂಡು ಮಲಗಿದಾಗ ಅವಳೇ ಆರೈಕೆ ಮಾಡ್ತಾಳೆ. ಅವನ ಮನಸ್ಸು ತಿರುಗುತ್ತೆ, ಮದುವೆಯಾಗೋಣ ಅಂತಾನೆ. ಅವಳು ಬೇಡ ಅಂತಾಳೆ. ಕರುಣೆ ಬೇರೆ, ನಂಬಿಕೆ ಬೇರೆ ಅಂತ ತಿಳಿದ ಹೆಣ್ಣು ಅವಳು.

'ಶರಪಂಜರ'ದ ಕಾವೇರಿಯದು ಇನ್ನೂ ಕಷ್ಟದ ಕಥೆ. ಬಾಣಂತಿಯಾದಾಗ ಮನಸ್ಸು ಕೆಡುತ್ತೆ, ಆಸ್ಪತ್ರೆಯಲ್ಲಿ ಗುಣವಾಗುತ್ತೆ. ಗಂಡನನ್ನು, ಮಕ್ಕಳನ್ನು ಮೊದಲಿನಂತೆ ಪ್ರೀತಿಸೋಕೆ ಅವಳು ಸಿದ್ಧಳಾಗಿ ಮನೆಗೆ ಬರ್ತಾಳೆ. ಆದರೆ ಮನೆ ಸಿದ್ಧ ಇರಲ್ಲ. ಅವಳು ನಕ್ಕರೂ ಹುಚ್ಚು, ಅತ್ತರೂ ಹುಚ್ಚು. ಕೊನೆಗೆ ಅದೇ ಅನುಮಾನ ಅವಳನ್ನು ಮತ್ತೆ ಮುರಿಯುತ್ತೆ. ಪೆಟ್ಟು ತಿಂದ ಮನಸ್ಸು ಚೇತರಿಸಿಕೊಳ್ಳಬಲ್ಲದು, ಸುತ್ತಲಿನವರು ಬಿಟ್ಟರೆ. ತ್ರಿವೇಣಿಯವರ ಬರಹದ ತಿರುಳು ಇದೇ.

1963ರ ಜುಲೈ 29ರಂದು, ಹೆಣ್ಣುಮಗುವಿಗೆ ಜನ್ಮ ಕೊಟ್ಟ ಕೆಲವೇ ದಿನಗಳಲ್ಲಿ, ತ್ರಿವೇಣಿ ತೀರಿಕೊಂಡರು. ವಯಸ್ಸು 34. ಅವರ ಕಥೆಗಳನ್ನು ಊರೂರಿನ ಟೆಂಟ್‌ಗಳಿಗೆ ತಲುಪಿಸಿದ್ದು ಸಿನಿಮಾ. ಪುಟ್ಟಣ್ಣ ಕಣಗಾಲ್ 1967ರಲ್ಲಿ 'ಬೆಳ್ಳಿಮೋಡ', 1971ರಲ್ಲಿ 'ಶರಪಂಜರ' ಮಾಡಿದರು. ಇವೆರಡರ ನಡುವೆ, 1968ರಲ್ಲಿ, ಎಂ.ಆರ್. ವಿಠಲ್ ನಿರ್ದೇಶನದ 'ಹಣ್ಣೆಲೆ ಚಿಗುರಿದಾಗ' ಬಂತು. ರಾಜಕುಮಾರ್ ನಾಯಕ. ವಿಧವೆಯ ಕೈಹಿಡಿಯುವ ಪಾತ್ರವನ್ನು ಅಣ್ಣಾವ್ರೇ ಮಾಡಿದಾಗ ಅದನ್ನು ತೀರಾ ತಪ್ಪು ಅನ್ನೋದು ನೋಡುಗರಿಗೂ ಕಷ್ಟವಾಗಿರಬೇಕು. ಮೂರರಲ್ಲೂ ನಾಯಕಿ ಕಲ್ಪನಾ.

ಈಗಿನ ಮಂಡ್ಯಕ್ಕೆ ಬನ್ನಿ

ಹಳೇ ಮೈಸೂರು ಸೀಮೆಯ ಹಲವು ಸಮುದಾಯಗಳಲ್ಲಿ ಕೂಡಿಕೆ, ಸೀರುಡಿಕೆ ಅನ್ನೋ ಪದ್ಧತಿ ಇತ್ತು. ಗಂಡ ಸತ್ತವಳಿಗೆ ಸೀರೆ ಉಡಿಸಿ ಮತ್ತೊಂದು ಸಂಸಾರ ಕಟ್ಟಿಕೊಡೋದು. ಧಾರೆ ಮದುವೆಯಷ್ಟು ಮರ್ಯಾದೆ ಅದಕ್ಕಿರಲಿಲ್ಲ, ಆದರೂ ಬಾಗಿಲು ಮುಚ್ಚಿರಲಿಲ್ಲ. ಅನುಕೂಲಸ್ಥರಾಗುತ್ತಾ ಹೋದಂತೆ ಮೇಲ್ಜಾತಿಯ ಮಡಿಯನ್ನು ನಾವು ಅನುಕರಿಸಿದೆವು, ಆ ಕಿರುಬಾಗಿಲನ್ನೂ ಎಳೆದುಕೊಂಡೆವು.

2015ರಲ್ಲಿ ಮಂಡ್ಯ ಜಿಲ್ಲೆ ಕಬ್ಬು ಬೆಳೆಗಾರರ ಸಾಲುಸಾಲು ಆತ್ಮಹತ್ಯೆಯಿಂದ ದೇಶಕ್ಕೆಲ್ಲ ಸುದ್ದಿಯಾಯಿತು. ಸತ್ತವರ ಹೆಂಡತಿಯರ ಬಗ್ಗೆ ಪರಿಹಾರದ ಚೆಕ್ ಆಚೆಗೆ ನಾವು ಮಾತಾಡಿದ್ದು ಎಷ್ಟು? 2023ರ ಫೆಬ್ರವರಿಯಲ್ಲಿ ಮದ್ದೂರು ತಾಲ್ಲೂಕಿನ ಕೆ.ಎಂ. ದೊಡ್ಡಿಯಿಂದ 30 ದಾಟಿದ ಅವಿವಾಹಿತ ಗಂಡುಮಕ್ಕಳು ಹೆಣ್ಣು ಸಿಗಲಿ ಅಂತ ಹರಕೆ ಹೊತ್ತು ಮಲೆ ಮಹದೇಶ್ವರ ಬೆಟ್ಟಕ್ಕೆ ಪಾದಯಾತ್ರೆ ಹೊರಟರು. ರೈತನಿಗೆ ಹೆಣ್ಣು ಕೊಡಲ್ಲ ಅನ್ನೋ ಅವರ ನೋವು ಸುಳ್ಳಲ್ಲ. ಅದೇ ವರ್ಷದ ಕೊನೆಗೆ ಮಂಡ್ಯದ ಆಲೆಮನೆಯೊಂದರಲ್ಲಿ ಭ್ರೂಣ ಪತ್ತೆಯ ಸ್ಕ್ಯಾನಿಂಗ್ ನಡೀತಿದ್ದದ್ದು ಬಯಲಾಯಿತು. ಹೆಣ್ಣನ್ನು ಹೊಟ್ಟೆಯಲ್ಲೇ ಹೊಸಕಿ, ಆಮೇಲೆ ಹೆಣ್ಣಿಲ್ಲ ಅಂತ ದೇವರಿಗೆ ಮೊರೆ ಹೋಗೋ ಜಿಲ್ಲೆಯಲ್ಲೇ, 28ಕ್ಕೆ ಗಂಡನನ್ನು ಕಳಕೊಂಡವಳಿಗೆ ಮಗು ಮುಖ ನೋಡ್ಕೊಂಡು ಇದ್ದುಬಿಡವ್ವ ಅಂತ ಬುದ್ಧಿ ಹೇಳ್ತೀವಿ. ಹೆಂಡತಿ ಸತ್ತವನಿಗೆ ಮಾತ್ರ ಮಕ್ಕಳನ್ನು ನೋಡ್ಕೊಳ್ಳೋರು ಬೇಕಲ್ಲ ಅಂತ ವರ್ಷ ತುಂಬೋ ಮೊದಲೇ ಹೆಣ್ಣು ಹುಡುಕ್ತೀವಿ.

ಹೆಣ್ಣಿನ ಕೊರತೆ ನೀಗಿಸೋಕೆ ವಿಧವೆಯರನ್ನು ಒಪ್ಪಿಸಿ ಅಂತ ಇಲ್ಲಿ ಹೇಳುತ್ತಿಲ್ಲ. ಅದು ಮತ್ತೊಂದು ರೀತಿಯ ಬಲವಂತ. ತ್ರಿವೇಣಿಯ ಇಂದಿರಾಳಂತೆ ಬೇಡ ಅನ್ನೋದಕ್ಕೂ ಅವಳಿಗೆ ಹಕ್ಕಿದೆ. ಮತ್ತೆ ಮದುವೆಯಾಗೋದು, ಒಂಟಿಯಾಗಿರೋದು, ಓದು ಮುಂದುವರಿಸೋದು ಅವಳಿಗೆ ಸೇರಿದ್ದು. ಮುಂದಿನ ಸಲ ಮನೆ ಹಿರಿಯರು ಜಗಲಿ ಮೇಲೆ ಕೂತು ಅವಳ ಮುಂದಿನ ಬದುಕನ್ನು ತೀರ್ಮಾನ ಮಾಡೋವಾಗ, ಒಳಗೆ ಕೂತಿರೋ ಅವಳನ್ನೂ ಕರೆದು ನಿನಗೇನು ಬೇಕವ್ವ ಅಂತ ಕೇಳಲಿ. ಹೇಳಿದ್ದನ್ನು ಕೇಳಿಸ್ಕೊಳ್ಳಲಿ.