ಹ್ಯುಯೆನ್ ತ್ಸಾಂಗ್
ಹ್ಯುಯೆನ್ ತ್ಸಾಂಗ್ (ಸು. 602–664) ಭಾರತದಲ್ಲಿ ಸಂಚರಿಸಿದ ಚೀನಾದ ಬೌದ್ಧ ಭಿಕ್ಷು ಹಾಗೂ ಅನುವಾದಕ. ಚೀನೀ ಭಾಷೆಯ ಬೌದ್ಧಗ್ರಂಥಗಳಲ್ಲಿನ ಭಿನ್ನಾಭಿಪ್ರಾಯಗಳಿಗೆ ಮೂಲದಲ್ಲೇ ಪರಿಹಾರ ಹುಡುಕಲು, ಗಡಿ ದಾಟಬಾರದೆಂಬ ರಾಜಾಜ್ಞೆಯನ್ನು ಮೀರಿ ಹೊರಟನು. ನಳಂದಾದಲ್ಲಿ ಶೀಲಭದ್ರನ ಬಳಿ ಯೋಗಾಚಾರ ದರ್ಶನವನ್ನು ಅಭ್ಯಸಿಸಿದನು. ಸು. 641ರಲ್ಲಿ ಬಾದಾಮಿ ಚಾಲುಕ್ಯರ ಇಮ್ಮಡಿ ಪುಲಕೇಶಿಯ ರಾಜ್ಯವನ್ನು ಸಂದರ್ಶಿಸಿದನು. ಅಲ್ಲಿನ ಜನರ ಸ್ವಾಭಿಮಾನವನ್ನೂ ಯುದ್ಧಕ್ಕೆ ಮುನ್ನ ಆನೆಗಳಿಗೆ ಮದ್ಯ ಕುಡಿಸುವ ಪದ್ಧತಿಯನ್ನೂ ‘ಸಿ-ಯು-ಕಿ’ ಎಂಬ ಪ್ರವಾಸಗ್ರಂಥದಲ್ಲಿ ವರ್ಣಿಸಿದ್ದಾನೆ. ತನ್ನನ್ನು ಸತ್ಕರಿಸಿದ ಹರ್ಷವರ್ಧನನಿಗೆ ಪುಲಕೇಶಿಯನ್ನು ಮಣಿಸಲಾಗಲಿಲ್ಲವೆಂಬುದನ್ನು ಮರೆಮಾಚದೆ ದಾಖಲಿಸಿದ್ದಾನೆ. ಇದರಿಂದ 634ರ ಐಹೊಳೆ ಶಾಸನದ ವಿಜಯವರ್ಣನೆಗೆ ಆಸ್ಥಾನದ ಹೊರಗಿನ ಸಾಕ್ಷ್ಯವೊಂದು ದೊರೆತಿದೆ. 645ರಲ್ಲಿ 657 ಗ್ರಂಥಗಳೊಂದಿಗೆ ಚಾಂಗಾನ್ ನಗರಕ್ಕೆ ಮರಳಿದ ಅವನು ಉಳಿದ ಆಯುಷ್ಯವನ್ನು ಅವುಗಳ ಅನುವಾದಕ್ಕೆ ಮುಡಿಪಾಗಿಟ್ಟನು.